ಕಾಕಾ ಹೇಳಿದ ಟವರು, ನಾವು ಹತ್ತಿದ ಗುಡ್ಡಗಳು

ಕಾಕಾ ಅಮೆರಿಕದಿಂದ ಬಂದಾಗಲೆಲ್ಲ ಒಂದು ಪಟ್ಟಿ ತರುತ್ತಾರೆ. ಒಮ್ಮೆ ಬರೀ ತಿನ್ನುವ ಪಟ್ಟಿ ಇತ್ತು. ಇನ್ನೊಮ್ಮೆ ಹಳೆ ಗೆಳೆಯರ ಪಟ್ಟಿ. ಈ ದಸರಾಕ್ಕೆ ಬಂದವರು ಬ್ಯಾಗು ಕೆಳಗಿಡುವ ಮೊದಲೇ ಹೇಳಿದರು: "ಈ ಸಲ ಬರೇ ಎತ್ತರದ ಜಾಗ ನೋಡೂದು. ಮೊಣಕಾಲು ಇನ್ನೊಂದೆರಡು ವರ್ಷ ಅಷ್ಟ ಮಾತು ಕೇಳ್ತಾವ."

ಅವ್ವನಿಗೆ ನಗು. "ಹುಬ್ಬಳ್ಳಿಯಾಗ ಎತ್ತರ ಎಲ್ಲೈತೋ ಮಾರಾಯಾ? ಬಯಲಸೀಮಿ ಇದು."

ಕಾಕಾ ನ್ಯೂಯಾರ್ಕಿನಲ್ಲಿ ಮಾಡಿದ್ದು ಲಿಫ್ಟ್ ರಿಪೇರಿ ಕೆಲಸ. ನೌಕರಿಯೆಲ್ಲ ಮೇಲೆ ಕೆಳಗೆ ಓಡಾಡುವುದೇ ಆಗಿತ್ತು, ಆದರೆ ಲಿಫ್ಟು ಓಡುವ ಗುಂಡಿಯಲ್ಲಿ ಕಿಟಕಿ ಇರುವುದಿಲ್ಲ. ನಲವತ್ತನೇ ಮಹಡಿಗೆ ಹೋದರೂ ಕಾಣುವುದು ಗೋಡೆ ಮತ್ತು ಗ್ರೀಸು. ಎತ್ತರದ ಆಸೆ ಅಲ್ಲಿಂದಲೇ ಹುಟ್ಟಿರಬೇಕು ಅಂತ ನನ್ನ ಲೆಕ್ಕ. ಅವರನ್ನು ಕೇಳಿದರೆ ಒಪ್ಪುವುದಿಲ್ಲ.

ಶನಿವಾರ, ನೃಪತುಂಗ ಬೆಟ್ಟ

ಹುಬ್ಬಳ್ಳಿಯವರಿಗೆ ಎತ್ತರ ಅಂದರೆ ಉಣಕಲ್ ಹತ್ತಿರದ ನೃಪತುಂಗ ಬೆಟ್ಟ. ಬೆಳಿಗ್ಗೆ ಬರುವ ಜನ ಬೇರೆ, ಸಂಜೆ ಬರುವ ಜನ ಬೇರೆ. ಬೆಳಗಿನವರು ಶುಗರ್ ಇಳಿಸಲು ಹತ್ತುತ್ತಾರೆ. ಸಂಜೆಯವರು ಸುಮ್ನೆ ಊರು ನೋಡಲು ಬರುತ್ತಾರೆ. ನಾವು ಸಂಜೆಯವರು. ಮಧ್ಯಾಹ್ನ ಸಣ್ಣ ಮಳೆ ಬಂದು ಹೋಗಿತ್ತು, ಗಾಳಿಯಲ್ಲಿ ಧೂಳಿರಲಿಲ್ಲ. ಒಂದು ಕಡೆ ಅಮರಗೋಳ, ಇನ್ನೊಂದು ಕಡೆ ವಿಮಾನ ನಿಲ್ದಾಣ, ನಡುವೆ ಪೂರಾ ಊರು. ಉಣಕಲ್ ಕೆರೆಯ ನಡುವಿನ ವಿವೇಕಾನಂದರ ಮೂರ್ತಿ ಇಲ್ಲಿಂದ ಒಂದು ಚುಕ್ಕೆ.

ನನ್ನ ಮಗ ಐದನೇ ಕ್ಲಾಸು. ಮೇಲೆ ಬಂದವನೇ ಕಟ್ಟೆ ಹತ್ತಿ ನಿಂತು, "ಮಮ್ಮಿ, ನಮ್ಮ ಮನಿ ಎಲ್ಲೈತಿ?" ಅಂದ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು ಹಾಸ್ಟೆಲ್ ಹುಡುಕುತ್ತಿದ್ದರು. ಒಬ್ಬ ಹಿರಿಯರು ಹೆಂಡತಿಗೆ ಬೆರಳು ಮಾಡಿ ನೀರಿನ ಟ್ಯಾಂಕ್ ತೋರಿಸಿ, ಅದರ ಎಡಕ್ಕೆ, ಇನ್ನೂ ಎಡಕ್ಕೆ, ಅಂತ ಸಿಟ್ಟು ಮಾಡಿಕೊಳ್ಳುತ್ತಿದ್ದರು.

ಕಾಕಾ ಎಲ್ಲರನ್ನೂ ನೋಡಿ ನಕ್ಕರು. "ನೋಡಿದೇನ? ಮ್ಯಾಲೆ ಬಂದವ್ರು ಮೊದಲು ತಮ್ಮ ಮನಿ ಹುಡುಕ್ತಾರ. ಎದುರಿಗೆ ತಾಜಮಹಲ್ ಇದ್ರೂ ಆಮ್ಯಾಲೆ. ಆ ಟವರಿನಾಗೂ ಹಿಂಗ ಇತ್ತು."

"ಯಾವ ಟವರ್ರೀ ಅಜ್ಜಾ?"

ಆ ಟವರು ಈಗ ಇಲ್ಲ. ಅದಿದ್ದ ಪಾರ್ಕೂ ಇಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ದಕ್ಷಿಣಕ್ಕೆ ಸಮುದ್ರ ಮುಟ್ಟುವಲ್ಲಿ ಕೋನಿ ಐಲ್ಯಾಂಡ್ ಅಂತ ಒಂದು ಜಾಗ. ಹೆಸರಿಗೆ ದ್ವೀಪ. ನಡುವಿನ ನೀರಿಗೆ ಮಣ್ಣು ತುಂಬಿ ಅದು ಊರಿಗೆ ಅಂಟಿಕೊಂಡು ಬಹಳ ಕಾಲವಾಯಿತು. ಮೆಟ್ರೋ ರೈಲು ಅಲ್ಲಿಗೇ ಹೋಗಿ ಮುಗಿಯುತ್ತದೆ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಕೂಲಿ ಮಾಡುವವರು, ವಲಸೆ ಬಂದವರು ರವಿವಾರ ರೈಲು ಹತ್ತಿ ಬಂದು ಕಾಲು ತೊಯಿಸಿಕೊಂಡು, ಆಟ ಆಡಿ ಹೋಗುತ್ತಿದ್ದ ಜಾಗ. ಅಲ್ಲಿ 1962ರಲ್ಲಿ ಆಸ್ಟ್ರೋಲ್ಯಾಂಡ್ ಅನ್ನುವ ಪಾರ್ಕು ಶುರುವಾಯಿತು. ಅಮೆರಿಕಕ್ಕೆ ರಾಕೆಟ್ಟಿನ ಹುಚ್ಚು ಹಿಡಿದಿದ್ದ ಕಾಲ ಅದು. ಅದೇ ವರ್ಷ ಸಿಯಾಟಲ್ ಊರಲ್ಲಿ ಸ್ಪೇಸ್ ನೀಡಲ್ ಎದ್ದಿತ್ತು. ಇವರಿಗೂ ಒಂದು ಗೋಪುರ ಬೇಕಾಯಿತು. 1964ರಲ್ಲಿ ಆಸ್ಟ್ರೋಟವರ್ ಬಂತು. 275 ಅಡಿ. ಕಟ್ಟಿದ್ದು ಸ್ವಿಟ್ಜರ್‌ಲ್ಯಾಂಡಿನ ಫಾನ್ ರೋಲ್ ಕಂಪನಿ. ರೋಪ್‌ವೇ ಮಾಡುವುದರಲ್ಲಿ ಹೆಸರಾದವರು.

ಎಷ್ಟು ಎತ್ತರ ಅಂತ ಮಗನಿಗೆ ಅಂದಾಜಾಗಲಿಲ್ಲ. ಹೋದ ವರ್ಷ ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟ ಹತ್ತಿ ಸುಸ್ತಾಗಿ ಕುಳಿತಿದ್ದ. ಅದು 51 ಮೀಟರ್. ಈ ಟವರು 84 ಮೀಟರ್ ಅಂದೆ. ಕಣ್ಣು ದೊಡ್ಡದಾಯಿತು.

"ಒಂದು ಕಬ್ಬಿಣದ ಕಂಬ. ಕಂಬದ ಸುತ್ತ ದುಂಡಗಿನ ಕೋಣಿ, ಸುತ್ತಾಕಡೆ ಗಾಜು," ಅಂತ ಕಾಕಾ ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. "ಆ ಕೋಣಿಗೆ ಅಲ್ಲಿಯವ್ರು ಆಕಾಶದಾಗಿನ ಬೇಗಲ್ ಅಂತಿದ್ರು. ಬೇಗಲ್ ಅಂದ್ರ ನಡುವ ತೂತಿರೋ ಬ್ರೆಡ್ಡು."

"ಉದ್ದಿನವಡಿ!"

"ಹಾಂ, ಉದ್ದಿನವಡಿ. ಕಡ್ಡಿಗೆ ಏರಿಸಿದ ಉದ್ದಿನವಡಿ. ಅದರಾಗ ಕುಂತ್ರ ಅದು ಮೆಲ್ಲಕ ತಿರಕ್ಕೋತ ಮ್ಯಾಲೆ ಹೋಗ್ತೈತಿ. ತುದಿಗೆ ಹೋಗಿ, ತಿರಕ್ಕೋತ ಕೆಳಗ ಬರ್ತೈತಿ."

"ಆಮ್ಯಾಲೆ?"

"ಆಮ್ಯಾಲೆ ಇಳಿಯೂದು."

"ಅಷ್ಟ? ಸುಮ್ನ ಮ್ಯಾಲೆ ಹೋಗಿ ಕೆಳಗ ಬರೂದಷ್ಟನಾ?"

ಕಾಕಾಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಕೆಳಗೆ ಇಳಿದು ಗಿರಮಿಟ್, ಮಿರ್ಚಿ ತಿಂದೆವು. ಮಿರ್ಚಿಯ ಖಾರಕ್ಕೆ ಅವರ ಮೂಗು ಸೋರುತ್ತಿತ್ತು. ಆದರೂ ಇನ್ನೊಂದು ಪ್ಲೇಟು ಹೇಳಿದರು.

ರವಿವಾರ, ಧಾರವಾಡ

ಚಿಗರಿ ಬಸ್ಸಿನಲ್ಲಿ ಹೋದೆವು. ಕಾಕಾ ಓದಿದ್ದು ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದಿಂದ ಊರೆಲ್ಲ ಕಾಣುತ್ತಿತ್ತು ಅನ್ನುವುದು ಅವರ ನೆನಪು. ಹೋಗಿ ನೋಡಿದರೆ ಎಲ್ಲಿ ನಿಂತರೂ ಗಿಡ ಅಡ್ಡ. "ಇಷ್ಟೊಂದು ಗಿಡ ಯಾಕ ಬೆಳಿಸ್ಯಾರ?" ಅಂತ ಬೈದರು. ಧಾರವಾಡದಲ್ಲಿ ನಿಂತು ಗಿಡಕ್ಕೆ ಬೈದ ಮೊದಲ ಮನುಷ್ಯ ಇವರೇ ಇರಬೇಕು. ಅಷ್ಟರಲ್ಲಿ ಮಳೆ ಹಿಡಿಯಿತು. ಲೈನ್ ಬಜಾರಿಗೆ ಹೋಗಿ ಪೇಡಾ ಕಟ್ಟಿಸಿಕೊಂಡು ಬಂದೆವು. ಎತ್ತರದ ಲೆಕ್ಕಕ್ಕೆ ಈ ದಿನ ಬರುವುದಿಲ್ಲ.

ಬರುವಾಗ ಬಸ್ಸಿನಲ್ಲಿ ಮಾತ್ರ ಒಂದು ಒಳ್ಳೆ ಮಾತುಕತೆ ಆಯಿತು. ಚಿಗರಿ ತನ್ನದೇ ಲೇನಿನಲ್ಲಿ ಹೋಗುವುದರಿಂದ ಕುಲುಕಾಟ ಕಡಿಮೆ. ಕಾಕಾ ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಟವರಿನ ಚಿತ್ರ ಬರೆದರು. ಕಂಬ ಒಳಗೆ ಪೊಳ್ಳು. ಕ್ಯಾಬಿನ್ನಿಗೆ ಕಟ್ಟಿದ ಉಕ್ಕಿನ ಹಗ್ಗ ತುದಿಯ ಗಾಲಿ ಸುತ್ತಿ ಕಂಬದೊಳಗೆ ಇಳಿಯುತ್ತದೆ. ಒಳಗೆ ಸಮತೂಕದ ಭಾರ, ಅಂದರೆ ಕೌಂಟರ್ ವೇಟ್, ತೂಗುತ್ತಿರುತ್ತದೆ. ಕ್ಯಾಬಿನ್ ಮೇಲೆ ಹೋದರೆ ಅದು ಕೆಳಗೆ, ಕ್ಯಾಬಿನ್ ಇಳಿದರೆ ಅದು ಮೇಲೆ. ಎರಡೂ ತೂಕ ಹೆಚ್ಚುಕಮ್ಮಿ ಸಮ ಇರುವುದರಿಂದ ಮೋಟರಿಗೆ ಎಳೆಯುವ ಕೆಲಸ ಸ್ವಲ್ಪವೇ. ಬಹಳಷ್ಟು ಲಿಫ್ಟುಗಳು ಹೀಗೇ. ನಮ್ಮ ಅಪಾರ್ಟ್‌ಮೆಂಟಿನದೂ ಹೀಗೇ.

"ಅಂದ್ರ ಅದು ಲಿಫ್ಟ ಅಲ್ಲೇನ್ರೀ?" ಅಂದ ಮಗ.

"ಲಿಫ್ಟ ಹೌದು. ಆದ್ರ ಲಿಫ್ಟ್ ಒಳಗ ಇರಬೇಕಾದ್ದು ಹೊರಗ ಐತಿ, ಹೊರಗಿನ ಗ್ವಾಡಿ ಒಳಗ ಐತಿ. ನಾ ಜೀವನಪೂರ್ತಿ ರಿಪೇರಿ ಮಾಡಿದ ಲಿಫ್ಟನ್ನ ಯಾರೋ ಉಲ್ಟಾ ಮಾಡಿ ನಿಲ್ಲಿಸಿದ್ರು. ಮೊದಲನೇ ಸಲ ನೋಡಿದಾಗ ನಗಾಕ ಹತ್ತಿದ್ದೆ."

ಸೋಮವಾರ, ಡಂಬಳ ಮತ್ತು ಕಪ್ಪತಗುಡ್ಡ

ಕಾರು ಮಾಡಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟೆವು. ಅಣ್ಣಿಗೇರಿ ದಾಟಿದ ಮೇಲೆ ಎರಿ ಹೊಲಗಳು ಶುರು. ಹೆಸರು ಕಿತ್ತು ಖಾಲಿಯಾದ ಹೊಲದಲ್ಲಿ ಕಡಲೆ, ಬಿಳಿಜೋಳ ಬಿತ್ತಲು ಹರಗುತ್ತಿದ್ದರು. ರಸ್ತೆ ಬದಿಗೆ ಉಳ್ಳಾಗಡ್ಡಿ ರಾಶಿ. ರೇಟು ಕೇಳಿದರೆ ರೈತರು ನಗುತ್ತಾರೆ, ಅದು ಖುಷಿಯ ನಗು ಅಲ್ಲ.

ಗದಗ ಬಿಟ್ಟು ಮುಂದೆ ಡಂಬಳ. ದೊಡ್ಡಬಸಪ್ಪನ ಗುಡಿ ನನ್ನ ಒತ್ತಾಯಕ್ಕೆ ಸೇರಿಸಿದ್ದು, ಎತ್ತರದ ಪಟ್ಟಿಯಲ್ಲಿ ಅದಿರಲಿಲ್ಲ. ಚಾಲುಕ್ಯರ ಕಾಲದ ಗುಡಿ. ಬಾಗಿಲಿಗೆ ದೊಡ್ಡ ಬಸವಣ್ಣ, ಹೆಸರು ಬಂದದ್ದು ಅವನಿಂದಲೇ. ಲಕ್ಕುಂಡಿಗೆ ಬರುವ ಬಸ್ಸುಗಳು ಇಲ್ಲಿಗೆ ಬರುವುದು ಕಡಿಮೆ. ಬರಬೇಕು. ಗರ್ಭಗುಡಿಯ ಹೊರಗೋಡೆ ದುಂಡಗೂ ಇಲ್ಲ, ಚೌಕವೂ ಇಲ್ಲ. 24 ಮೂಲೆಯ ನಕ್ಷತ್ರ. ಸುತ್ತು ಹಾಕುತ್ತ ಹೋದರೆ ಒಂದು ಮೂಲೆ ಮುಗಿಯುವಷ್ಟರಲ್ಲಿ ಇನ್ನೊಂದು ಮೂಲೆ ಎದುರಿಗೆ ಬರುತ್ತದೆ. ಪಾಯದಿಂದ ಶಿಖರದವರೆಗೂ ಅದೇ ಮಡಿಕೆ.

ಕಾಕಾ ಮೊದಲು ಕಂಬಗಳ ಹತ್ತಿರ ನಿಂತರು. ಈ ಕಾಲದ ಕಂಬಗಳನ್ನು ಕಲ್ಲು ತಿರುಗಿಸುತ್ತ ಕಡೆದು ಮಾಡಿದ್ದು. ಲೇತ್ ಮೇಲೆ ತಿರುಗಿಸಿದ ಕಬ್ಬಿಣದ ಮೇಲೆ ಬೀಳುವ ಉಂಗುರಗಳೇ ಕಲ್ಲಿನ ಮೇಲೂ ಇವೆ. ಕಾಕಾ ಉಗುರಿನಿಂದ ಒಂದು ಗೆರೆ ಹಿಡಿದು ಕಂಬದ ಸುತ್ತ ಒಂದು ಸುತ್ತು ಬಂದರು. ಗೆರೆ ಶುರುವಾದಲ್ಲೇ ಕೂಡಿತು. ಇನ್ನೊಂದು ಗೆರೆ ಹಿಡಿದರು. ಅದೂ ಕೂಡಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕೈಯಲ್ಲಿ ಕೆಲಸ ಮಾಡಿದ ಮನುಷ್ಯ ಇನ್ನೊಬ್ಬರ ಕೈಕೆಲಸ ನೋಡುವ ರೀತಿಯೇ ಬೇರೆ. ನಾವು ಫೋಟೋ ತೆಗೆದು ಮುಂದೆ ಹೋಗುತ್ತೇವೆ, ಅವರು ತಪ್ಪು ಹುಡುಕುತ್ತಾರೆ, ಸಿಗದಿದ್ದರೆ ಸುಮ್ಮನಾಗುತ್ತಾರೆ.

ನಕ್ಷತ್ರದ ಲೆಕ್ಕ ಮಾತ್ರ ನಾನೇ ಹೇಳಿಕೊಟ್ಟೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು, ಇಂಥ ಅವಕಾಶ ಬಿಡುವುದುಂಟೇ? ಒಂದು ಚೌಕ ಬರೆಯಬೇಕು. ನಡುವಿನ ಚುಕ್ಕೆ ಕದಲಿಸದೆ ಅದನ್ನು 15 ಡಿಗ್ರಿ ತಿರುಗಿಸಿ ಮತ್ತೆ ಬರೆಯಬೇಕು. ಇನ್ನೂ 15 ಡಿಗ್ರಿ. ಹೀಗೆ ಆರು ಚೌಕ ಆಗುವವರೆಗೆ. ಆರು ನಾಲ್ಕಲೆ ಇಪ್ಪತ್ನಾಲ್ಕು. ಏಳನೇ ಚೌಕ ಮೊದಲ ಚೌಕದ ಮೇಲೇ ಬಂದು ಕೂರುತ್ತದೆ. ಮಗ ನೋಟ್‌ಬುಕ್ಕಿನಲ್ಲಿ ಪೆಟ್ಟಿಗೆಯ ಮುಚ್ಚಳ ಇಟ್ಟು ತಿರುಗಿಸಿ ತಿರುಗಿಸಿ ಬರೆದ. ಬಂತು.

ಕಾಕಾ ಆ ಕಾಗದ ಬಹಳ ಹೊತ್ತು ನೋಡಿದರು. "ಇದೂ ತಿರಗೇತಿ," ಅಂದರು. "ಇದು ತಿರಗಿ ನಿಂತೈತಿ. ನಮ್ಮ ಟವರು ನಿಂತಲ್ಲೇ ತಿರಗತಿತ್ತು." ನನಗೆ ಈ ಹೋಲಿಕೆ ಸ್ವಲ್ಪ ಎಳೆದದ್ದು ಅನ್ನಿಸಿತು. ಹೇಳಲಿಲ್ಲ.

ಡಂಬಳದಿಂದ ಡೋಣಿ. ಅಲ್ಲಿಂದ ಕಪ್ಪತಗುಡ್ಡದ ಏರು. ಕಪ್ಪತಗುಡ್ಡ ಅಂದರೆ ಔಷಧಿ ಗಿಡಗಳ ಗುಡ್ಡ ಅಂತ ಈ ಭಾಗದವರಿಗೆ ಚಿಕ್ಕಂದಿನಿಂದ ಗೊತ್ತು. ಒಳಗೆ ಕಬ್ಬಿಣದ ಅದಿರಿದೆ, ಚಿನ್ನವಿದೆ. ಹಾಗಾಗಿ ಕಣ್ಣು ಹಾಕಿದವರೂ ಕಡಿಮೆ ಇಲ್ಲ. ಗದಗಿನ ಸ್ವಾಮಿಗಳು, ರೈತರು, ಕಾಲೇಜು ಹುಡುಗರು ಎಲ್ಲ ರಸ್ತೆಗಿಳಿದು ಹೋರಾಡಿದರು. 2019ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆಯಾಯಿತು. ಮಳೆಗಾಲ ಮುಗಿದ ಮೇಲೆ ಹೋದರೆ ಹಸಿರು ನೋಡಿ, ಇದು ಗದಗ ಜಿಲ್ಲೆಯೇನಾ ಅನ್ನಿಸುತ್ತದೆ.

ಮೇಲೆ ಗಾಳಿಗುಂಡಿ ಬಸವಣ್ಣನ ಗುಡಿ. ಹೆಸರು ಸುಮ್ನೆ ಇಟ್ಟಿಲ್ಲ. ಕಾರಿನ ಬಾಗಿಲು ತೆಗೆಯಲು ಡ್ರೈವರಣ್ಣ ಭುಜ ಕೊಡಬೇಕಾಯಿತು. ಕಾಕಾ ಟೊಪ್ಪಿಗೆ ಹಾರಿ ಪೊದೆಗೆ ಸಿಕ್ಕಿಕೊಂಡಿತು. ಸೀರೆ ಉಟ್ಟು ಬಂದಿದ್ದ ಹೆಂಗಸರು ಸೆರಗನ್ನು ಸೊಂಟಕ್ಕೆ ಬಿಗಿದು, ಒಬ್ಬರ ಕೈ ಒಬ್ಬರು ಹಿಡಿದು ಗುಡಿಗೆ ಹೋಗುತ್ತಿದ್ದರು. ಸುತ್ತ ಗುಡ್ಡದ ಮೇಲೆ ಗುಡ್ಡ. ದೂರದ ಸಾಲಿನಲ್ಲಿ ಗಾಳಿಯಂತ್ರಗಳು ರೆಕ್ಕೆ ತಿರುಗಿಸುತ್ತಿದ್ದವು. ಕುರುಕುರೆ ಪಾಕೀಟುಗಳೂ ಗಾಳಿಗೆ ಚೆನ್ನಾಗಿ ಹಾರುತ್ತವೆ, ಅದನ್ನೂ ಹೇಳಬೇಕು. ಇಷ್ಟು ದೂರ ಬಂದು ಕಸ ಚೆಲ್ಲಿ ಹೋಗುವವರಿಗೆ ಬಸವಣ್ಣನೇ ಬುದ್ಧಿ ಕೊಡಲಿ.

ಇಲ್ಲಿ ಯಾರೂ ಮನೆ ಹುಡುಕಲಿಲ್ಲ. ಹುಡುಕಲು ಊರೇ ಇರಲಿಲ್ಲ.

ಗುಡಿಯ ಮರೆಗೆ ಕುಳಿತು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಿಚ್ಚಿದೆವು. ಗಾಳಿಯ ಸದ್ದಿಗೆ ಜೋರಾಗಿ ಮಾತಾಡಬೇಕಿತ್ತು. ಕಾಕಾ ಆಗ ಟವರಿನ ಒಳಗಿನ ಕಥೆ ಹೇಳಿದರು.

ಬ್ರೂಕ್ಲಿನ್ನಿನಲ್ಲಿ ಬಾಡಿಗೆ ಮನೆ. ಮಗಳಿಗೆ ಏಳೆಂಟು ವರ್ಷ. ಕೈಯಲ್ಲಿ ದುಡ್ಡು ಕಡಿಮೆ. ರವಿವಾರ ರೈಲು ಹತ್ತಿದರೆ ಸಮುದ್ರ ಪುಕ್ಕಟೆ. ಪಾರ್ಕಿನಲ್ಲಿ ಒಂದೋ ಎರಡೋ ಆಟ. ಪಕ್ಕದಲ್ಲೇ ಸೈಕ್ಲೋನ್ ಅನ್ನುವ ರೋಲರ್ ಕೋಸ್ಟರ್, 1927ರದ್ದು, ಕಟ್ಟಿಗೆಯ ಹಾದಿಯದು, ಇವತ್ತಿಗೂ ಓಡುತ್ತಿದೆ. ಅದರಲ್ಲಿ ಒಮ್ಮೆ ಕೂತು ಇಳಿದ ಕಾಕಾ, "ಸತ್ರೂ ಇನ್ನೊಮ್ಮೆ ಹತ್ತಂಗಿಲ್ಲ" ಅಂದರಂತೆ. ಆಮೇಲೆ ಅವರ ಆಟ ಟವರು ಒಂದೇ.

ಕ್ಯಾಬಿನ್ನಿನ ಕಿಟಕಿಗೆ ಉಪ್ಪುಗಾಳಿ ಹೊಡೆದು ಅಂಚಿನಲ್ಲಿ ಬಿಳಿ ಬಂದಿತ್ತು. ಯಾರ್ಯಾರೋ ಕೀಲಿಯಿಂದ ಗೀಚಿದ ಹೆಸರುಗಳು. ಬಾಗಿಲು ಹಾಕುವ ಹುಡುಗ ಬಬಲ್‌ಗಮ್ ಜಗಿಯುತ್ತ ಏನೋ ಗೊಣಗುತ್ತಿದ್ದ. ಒಂದು ಸಣ್ಣ ಕುಲುಕು, ಆಮೇಲೆ ನೆಲ ಕೆಳಗೆ ಹೋಗಲು ಶುರು. ಮೊದಲು ಸಮುದ್ರ ಬರುತ್ತಿತ್ತು. ಮೆಲ್ಲಗೆ ಅದು ಸರಿದು ಮರಳ ದಂಡೆ, ಛತ್ರಿಗಳು. ಆಮೇಲೆ ಸೈಕ್ಲೋನ್, ಅದರಲ್ಲಿ ಕೂತವರು ಕಿರುಚುವುದು ಮೇಲಕ್ಕೂ ಕೇಳುತ್ತಿತ್ತು. ಆಮೇಲೆ ವಂಡರ್ ವ್ಹೀಲ್, 1920ರ ದೊಡ್ಡ ತೊಟ್ಟಿಲು, 150 ಅಡಿಯದು. ಕೆಳಗಿನಿಂದ ಆಕಾಶ ಮುಟ್ಟುವ ತೊಟ್ಟಿಲನ್ನು ಇಲ್ಲಿಂದ ಬಗ್ಗಿ ನೋಡಬೇಕು. ಅದಾದ ಮೇಲೆ ಮನೆಗಳು, ರೈಲು, ಮನೆಗಳು. ದೂರದಲ್ಲಿ ಮ್ಯಾನ್‌ಹಟನ್ ಕಟ್ಟಡಗಳು. ಆಮೇಲೆ ವೆರಜಾನೊ ಸೇತುವೆ, ಅದೂ ಟವರು ಎದ್ದ 1964ರಲ್ಲೇ ತೆರೆದದ್ದು. ಮತ್ತೆ ಸಮುದ್ರ.

"ಮನಿಗೋಳು ಬಂದ ಕೂಡ್ಲೇ ಮಗಳಿಗೆ ಹೇಳತಿದ್ದೆ, ಅಕಾ ಅಲ್ಲೆ ನೋಡು, ನಮ್ಮ ಮನಿ. ಅಕಿ ನೋಡೂದ್ರಾಗ ಅದು ಸರದು ಹೋಗತಿತ್ತು. ಮುಂದಿನ ಸುತ್ತಿಗೆ ಕಾಯೂದು."

2001ರ ಆಚೆಗೆ ಮ್ಯಾನ್‌ಹಟನ್ ದಿಕ್ಕು ಬಂದಾಗ ಕ್ಯಾಬಿನ್ನಿನಲ್ಲಿ ಎಲ್ಲರೂ ಒಂದೇ ಕಡೆ ನೋಡುತ್ತಿದ್ದರಂತೆ, ಅವಳಿ ಕಟ್ಟಡ ಇದ್ದಲ್ಲಿಗೆ. ಕಾಕಾ ಅಲ್ಲಿಗೆ ಆ ಮಾತು ಬಿಟ್ಟು ಇನ್ನೊಂದು ರೊಟ್ಟಿ ತೆಗೆದುಕೊಂಡರು.

ಮುಚ್ಚಿದ್ದು ಹೇಗೆ? ಕಥೆ ನಮ್ಮ ಊರುಗಳಿಗೂ ಹೊಸದಲ್ಲ. ಪಾರ್ಕಿನ ಜಾಗವನ್ನು 2006ರಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿ ಕೊಂಡಿತು. 2008ರ ಸೆಪ್ಟೆಂಬರಿನಲ್ಲಿ ಆಸ್ಟ್ರೋಲ್ಯಾಂಡ್ ಕೊನೆಯ ಸಲ ಬಾಗಿಲು ಹಾಕಿತು. ಆಟಗಳನ್ನೆಲ್ಲ ಬಿಚ್ಚಿ ಒಯ್ದರು. ಟವರು ಮಾತ್ರ ನಿಂತಿತ್ತು, 275 ಅಡಿ ಕಬ್ಬಿಣ ಬಿಚ್ಚುವುದು ಸುಲಭವೇ? 2010ರಲ್ಲಿ ಅದೇ ಜಾಗದಲ್ಲಿ ಲೂನಾ ಪಾರ್ಕ್ ಅಂತ ಹೊಸ ಪಾರ್ಕು ಬಂತು. ಟವರಿನಲ್ಲಿ ಜನರನ್ನು ಹತ್ತಿಸಲಿಲ್ಲ, ಕಂಬಕ್ಕೆ ದೀಪ ಹಾಕಿದರು. 2013ರ ಜುಲೈ ಮೊದಲ ವಾರ ಕಂಬ ಗಾಳಿಗೆ ಓಲಾಡುವುದು ಜನರ ಕಣ್ಣಿಗೆ ಬಿತ್ತು. ಪಾರ್ಕು ಖಾಲಿ ಮಾಡಿಸಿದರು. ಜುಲೈ 4 ಅಲ್ಲಿಯವರ ಸ್ವಾತಂತ್ರ್ಯ ದಿನ, ಕೋನಿ ಐಲ್ಯಾಂಡಿಗೆ ಜನ ಮುತ್ತುವ ದಿನ. ಅವಸರದಲ್ಲಿ ಕ್ರೇನ್ ತಂದು ತುಂಡು ತುಂಡಾಗಿ ಕತ್ತರಿಸಿ ಇಳಿಸಿದರು.

"ಟಿವಿಯಾಗ ನೋಡಿದೆ," ಅಂದರು ಕಾಕಾ. "ಎತ್ತರದ್ದು ಅಂದ ಮ್ಯಾಲೆ ಅಲಗಾಡ್ತೈತಿ. ಅಲಗಾಡಬೇಕು. ಅಲಗಾಡದಿದ್ರ ಮುರೀತೈತಿ. ಎಷ್ಟು ಅಲಗಾಡ್ತೈತಿ ಅನ್ನೂದಷ್ಟ ಪ್ರಶ್ನೆ." ಎದುರಿನ ಗಾಳಿಯಂತ್ರ ತೋರಿಸಿ, ಅದೂ ತುದಿಯಲ್ಲಿ ಅಲಗಾಡುತ್ತಿರುತ್ತದೆ, ಇಲ್ಲಿಂದ ಕಾಣುವುದಿಲ್ಲ ಅಷ್ಟೇ ಅಂದರು.

ಅವರಿಗೆ ಸಿಟ್ಟಿರುವುದು ಬೇರೆ ಕಾರಣಕ್ಕೆ. ಅಲ್ಲೇ ಸ್ವಲ್ಪ ದೂರದಲ್ಲಿ ಪ್ಯಾರಾಚೂಟ್ ಜಂಪ್ ಅನ್ನುವ ಕಬ್ಬಿಣದ ಗೋಪುರ ಇದೆ. 1939ರ ವಿಶ್ವ ಮೇಳಕ್ಕೆ ಕಟ್ಟಿ ಆಮೇಲೆ ಇಲ್ಲಿಗೆ ತಂದದ್ದು. ಅದರ ಆಟ 1960ರ ದಶಕದಲ್ಲೇ ನಿಂತಿತು. ಆದರೂ ಸ್ಮಾರಕ ಅಂತ ಹೆಸರು ಸಿಕ್ಕಿ, ಬಣ್ಣ ಬಳಿಸಿಕೊಂಡು, ದೀಪ ಹಾಕಿಸಿಕೊಂಡು ಇಂದಿಗೂ ನಿಂತಿದೆ. ಸೈಕ್ಲೋನಿಗೂ ಸ್ಮಾರಕದ ಪಟ್ಟ ಇದೆ, ವಂಡರ್ ವ್ಹೀಲಿಗೂ ಇದೆ. ಟವರಿಗೆ ಯಾರೂ ಕೊಡಲಿಲ್ಲ. "ಹೆದರಿಸಿದ್ದು, ಕಿರಚಿಸಿದ್ದು ಎಲ್ಲಾ ಜನಕ್ಕ ನೆನಪಿರ್ತೈತಿ. ಸುಮ್ನ ತೋರಿಸಿದ್ದು ಯಾರಿಗೆ ನೆನಪಿರ್ತೈತಿ?"

ಇದರಲ್ಲಿ ಸ್ವಲ್ಪ ಸತ್ಯ ಇರಬಹುದು. ಒಹಾಯೋದ ಸೀಡರ್ ಪಾಯಿಂಟ್ ಪಾರ್ಕಿನಲ್ಲೂ ಇಂಥದ್ದೇ ಒಂದು ಟವರು ಇತ್ತು, 1965ರದ್ದು. 2012ರಲ್ಲಿ ಅದನ್ನು ಕೆಡವಿದರು. ಆ ಜಾಗಕ್ಕೆ ಬಂದದ್ದು ರೋಲರ್ ಕೋಸ್ಟರ್. ಪಾರ್ಕಿನವರ ಲೆಕ್ಕ ಸರಿಯೇ ಇದೆ, ಬಿಡಿ. ಒಂದು ಸುತ್ತಿಗೆ ಇಷ್ಟು ಜನ, ಒಂದು ತಾಸಿಗೆ ಇಷ್ಟು ಸುತ್ತು. ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುವುದು ಆ ಲೆಕ್ಕದಲ್ಲಿ ಯಾವತ್ತೂ ನಷ್ಟ.

ಇಳಿಯುವಾಗ ಡ್ರೈವರಣ್ಣ ಟೊಪ್ಪಿಗೆಯನ್ನು ಪೊದೆಯಿಂದ ಬಿಡಿಸಿ ತಂದುಕೊಟ್ಟ. ಅದರ ತುಂಬ ಮುಳ್ಳು.

ಮಂಗಳವಾರ, ಮನೆ

ಕಾಕಾ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕುಳಿತರು. ನಾನು, ಅವ್ವ ದುರ್ಗದಬೈಲಿಗೆ ಹೋಗಿ ಚೆಂಡುಹೂವು, ಕುಂಬಳಕಾಯಿ, ಬಾಳೆಕಂದು ತಂದೆವು. ಮಗ ಫೋನಿನಲ್ಲಿ ಕಾಕಾಗೆ ಈಗಿನ ಟವರು ಆಟಗಳನ್ನು ತೋರಿಸುತ್ತಿದ್ದ. ಮೇಲಕ್ಕೆ ಎಳೆದು ದಪ್ಪನೆ ಬಿಡುವಂಥವು. "ನೋಡ್ರೀ ಅಜ್ಜಾ, ಇದರಾಗೂ ಮ್ಯಾಲಿಂದ ಊರು ಕಾಣ್ತೈತಿ." ಕಾಕಾ: "ಕಣ್ಣು ಮುಚ್ಕೊಂಡಾರಲ್ಲಲೇ ಎಲ್ಲಾರೂ!"

ಬುಧವಾರ, ದೇವರಗುಡ್ಡ

ಆಯುಧ ಪೂಜೆ. ಕಾರಿಗೆ ಪೂಜೆ ಆಗದೆ ಡ್ರೈವರಣ್ಣ ಕೀಲಿ ಮುಟ್ಟುವುದಿಲ್ಲ. ನಮ್ಮ ಮನೆ ಮುಂದೆಯೇ ಪೂಜೆ ಮಾಡಿಸಿದೆವು. ಬಾನೆಟ್ಟಿಗೆ ವಿಭೂತಿ ಪಟ್ಟೆ, ಕುಂಕುಮ, ಕನ್ನಡಿಗೆ ಹೂವಿನ ಹಾರ. ನಾಲ್ಕೂ ಗಾಲಿಗೆ ನಾಲ್ಕು ನಿಂಬೆಹಣ್ಣು. ಕಾರು ಮುಂದೆ ಸರಿದು ಅವು ಪಚಕ್ ಅಂದ ಮೇಲೆ ಹೊರಟೆವು. ಶಿಗ್ಗಾಂವಿ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು. ಹೆದ್ದಾರಿಯ ಎಲ್ಲಾ ಲಾರಿಗಳಿಗೂ ಬಾಳೆಕಂದು ಕಟ್ಟಿದ್ದರು.

ದೇವರಗುಡ್ಡ ರಾಣೆಬೆನ್ನೂರು ತಾಲೂಕಿನದು. ಮಾಲತೇಶ ಸ್ವಾಮಿಯ ಗುಡ್ಡ. ಪ್ರತಿ ವರ್ಷ ಈ ದಿನ ಇಲ್ಲಿ ಕಾರಣಿಕ. ಗೊರವಯ್ಯ ಉಪವಾಸ ವ್ರತ ಹಿಡಿದು, ಎತ್ತರದ ಬಿಲ್ಲು ಏರಿ, ವರ್ಷದ ಭವಿಷ್ಯ ಒಂದೇ ಮಾತಿನಲ್ಲಿ ನುಡಿಯುತ್ತಾನೆ. ಕಾಕಾ ಪಟ್ಟಿಯಲ್ಲಿ ಇದೊಂದು ಕೆಂಪು ಪೆನ್ನಿನಲ್ಲಿತ್ತು. ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದರಂತೆ.

ಕಾರು ದೂರ ನಿಲ್ಲಿಸಿ ನಡೆಯಬೇಕಾಯಿತು. ಎತ್ತಿನ ಗಾಡಿ, ಟ್ರ್ಯಾಕ್ಟರು, ಟೆಂಪೋ. ಗಾಳಿಯಲ್ಲೆಲ್ಲ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಕನ್ನಡಕ ಹಳದಿ. ಕರಿ ಕಂಬಳಿಯ ಗೊರವರು ಡಮರುಗ ಬಾರಿಸುತ್ತ ಗುಂಪು ಗುಂಪಾಗಿ ಹೋಗುತ್ತಿದ್ದರು. "ಏಳುಕೋಟಿ ಏಳುಕೋಟಿ" ಅನ್ನುವ ಕೂಗು ಒಂದು ಕಡೆ ಎದ್ದರೆ ಎಲ್ಲ ಕಡೆಯಿಂದ ಉತ್ತರ. ಬಳೆ ಅಂಗಡಿ, ಮಂಡಕ್ಕಿ ರಾಶಿ, ಒಂದು ಪುಟ್ಟ ತಿರುಗುವ ತೊಟ್ಟಿಲು. ತೊಟ್ಟಿಲಿಗೆ ಮೋಟರಿಲ್ಲ, ಇಬ್ಬರು ಹುಡುಗರು ಕೈಯಲ್ಲೇ ತಿರುಗಿಸುತ್ತಿದ್ದರು. ಮಗ ಹತ್ತಿ ಇಳಿದು ಬಂದು, "ಮಮ್ಮಿ, ಮ್ಯಾಲಿಂದ ನಮ್ಮ ಕಾರು ಕಾಣಿಸ್ತು" ಅಂದ. ಕಾಕಾ ನನ್ನ ಮುಖ ನೋಡಿದರು.

ಸಂಜೆಯಾಗುತ್ತಿದ್ದಂತೆ ಜನ ಒತ್ತಿಕೊಂಡು ನಿಂತರು. ನಮಗೆ ಸಿಕ್ಕಿದ್ದು ಬಹಳ ಹಿಂದಿನ ಜಾಗ. ಡ್ರೈವರಣ್ಣ ಮಗನನ್ನು ಹೆಗಲಿಗೇರಿಸಿಕೊಂಡ. ಬಿಲ್ಲು ಎತ್ತಿ ನಿಲ್ಲಿಸಿದರು. ಗೊರವಯ್ಯ ಏರತೊಡಗಿದ. ಕೆಳಗಿನವರು ಬಿಲ್ಲನ್ನು ಬಿಗಿಯಾಗಿ ಹಿಡಿದಿದ್ದರು, ಆದರೂ ಅದು ಅವನ ತೂಕಕ್ಕೆ ಅತ್ತ ಇತ್ತ ಓಲಾಡುತ್ತಿತ್ತು. ಕಾಕಾ ನನ್ನ ತೋಳು ಹಿಡಿದುಕೊಂಡರು, ಮೊಣಕಾಲಿನ ಸಲುವಾಗಿಯೋ ಏನೋ. ತುದಿಗೆ ಹೋದ ಗೊರವಯ್ಯ ಒಮ್ಮೆ ಆಕಾಶ ನೋಡಿದ.

"ಸದ್ದಲೇ!"

ಡಮರುಗ ನಿಂತಿತು. ಪೀಪಿ ನಿಂತಿತು. ಅಳುತ್ತಿದ್ದ ಕೂಸಿನ ಬಾಯಿಗೆ ತಾಯಿ ಸೆರಗು ಒತ್ತಿದಳು. ಎಲ್ಲೋ ಒಂದು ಜನರೇಟರ್ ಮಾತ್ರ ಓಡುತ್ತಿತ್ತು, ಯಾರೋ ಹೋಗಿ ಅದನ್ನೂ ಆರಿಸಿದರು. ಗೊರವಯ್ಯ ಮಾತು ನುಡಿದ, ನುಡಿದವನೇ ಕೈಬಿಟ್ಟ. ಕೆಳಗಿನವರು ಹಿಡಿದುಕೊಂಡರು. ಎಲ್ಲ ಸೇರಿ ಎಷ್ಟು ಹೊತ್ತು? ನಾನು ಉಸಿರು ಬಿಡುವಷ್ಟರಲ್ಲಿ ಮುಗಿದಿತ್ತು. ಮತ್ತೆ ಗದ್ದಲ.

ಮಾತು ನಮಗೆ ಕೇಳಿಸಲಿಲ್ಲ. ಕೇಳಿದವರು ಮುಂದಿನವರು. ಅದು ಬಾಯಿಂದ ಬಾಯಿಗೆ ನಮ್ಮ ತನಕ ಬಂತು, ಅರ್ಥಗಳ ಸಮೇತ ಬಂತು. ಕಾರಿಗೆ ನಡೆದು ಹೋಗುವಷ್ಟರಲ್ಲಿ ಒಬ್ಬರು ಮಳೆ ಚಲೋ ಅಂದರು, ಇನ್ನೊಬ್ಬರು ಹತ್ತಿ ರೇಟು ಏರುತ್ತದೆ ಅಂದರು, ಕಂಬಳಿ ಹೊದ್ದ ಒಬ್ಬ ಹಿರಿಯರು ಇದು ಬೆಂಗಳೂರಿನ ಕುರ್ಚಿ ವಿಷಯ ಅಂತ ಖಡಾಖಂಡಿತ ಹೇಳಿಬಿಟ್ಟರು. ಅವರ ಸುತ್ತ ಜಾಸ್ತಿ ಜನ ಸೇರಿದರು.

ಕಾರಿನಲ್ಲಿ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಹಾವೇರಿ ದಾಟಿದ ಮೇಲೆ ಅಂದರು: "ಅಷ್ಟು ಎತ್ತರ ಹೋಗಿ ಅಂವ ತನ್ನ ಮನಿ ಹುಡುಕಲಿಲ್ಲ ನೋಡವಾ."

"ಅವನಿಗೆ ಅಷ್ಟು ಹೊತ್ತೆಲ್ಲಿ ಸಿಕ್ಕಿತು ಕಾಕಾ?" ಅಂದೆ.

"ಅದೂ ಖರೇನ."

ಗುರುವಾರ, ಬನ್ನಿ

ಸಂಜೆ ಬನ್ನಿ ಕೊಟ್ಟು ತಗೊಳ್ಳುವ ಗದ್ದಲ. ಓಣಿಯ ಮಕ್ಕಳೆಲ್ಲ ಎಲೆ ಹಿಡಿದು ಮನೆ ಮನೆಗೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ" ಅಂತ ಕಾಲಿಗೆ ಬಿದ್ದವರಿಗೆಲ್ಲ ಕಾಕಾ ಡಾಲರ್ ಹಂಚುತ್ತಿದ್ದರು. ಅವ್ವ ಬೈದ ಮೇಲೆ ಹತ್ತರ ನೋಟಿಗೆ ಇಳಿದರು.

ನ್ಯೂಜೆರ್ಸಿಯಿಂದ ಮಗಳ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಿಗ್ಗೆ. ಕಾಕಾ ಫೋನಿನ ಎದುರು ಬನ್ನಿ ಎಲೆ ಹಿಡಿದು ಆಶೀರ್ವಾದ ಮಾಡಿದರು. ಆಮೇಲೆ ನನ್ನ ಮಗ ಫೋನ್ ಕಸಿದುಕೊಂಡು ನೇರ ಕೇಳಿದ: "ಅತ್ತಿ, ನಿಮಗ ಆ ಟವರು ನೆನಪೈತೇನ್ರೀ? ಉದ್ದಿನವಡಿ ಟವರು?"

ಅವಳಿಗೆ ಮೊದಲು ತಿಳಿಯಲಿಲ್ಲ. ಬೇಗಲ್ ಅಂದಾಗ ಜೋರಾಗಿ ನಕ್ಕಳು. "ನೆನಪಿಲ್ದ ಏನು? ಪ್ರತಿ ರವಿವಾರ ಅದ. ನನಗ ಆ ಸೈಕ್ಲೋನ್ ಬೇಕಾಗಿತ್ತು. ನಿನ್ನ ಅಜ್ಜ ಹತ್ತಿಸ್ತಿರಲಿಲ್ಲ."

"ಅಲ್ಲಿಂದ ನಿಮ್ಮ ಮನಿ ಕಾಣ್ತಿತ್ತಂತ?"

"ನಮ್ಮ ಮನೀನಾ? ಇಲ್ಲಪ. ನಮ್ಮ ಮನಿ ಮುಂದ ದೊಡ್ಡ ಬಿಲ್ಡಿಂಗ್ ಇತ್ತು, ಹೆಂಗ ಕಾಣಬೇಕು? ಅಪ್ಪ ತೋರಿಸ್ತಿದ್ದದ್ದು ಯಾರದೋ ಮನಿ. ನಾ ಹೂಂ ಅಂತಿದ್ದೆ."

ಕಾಕಾ ಎದ್ದು ಬಂದರು. "ಏನಂದಿ? ಯಾರದೋ ಮನಿ? ಮ್ಯಾಲೆ ಕರೇ ನೀರಿನ ಟಾಕಿ ಇತ್ತಲ್ಲ, ಅದ ನಮ್ಮ ಬಿಲ್ಡಿಂಗು!"

"ಅಪ್ಪಾ, ಆ ಓಣ್ಯಾಗ ಎಲ್ಲಾ ಬಿಲ್ಡಿಂಗ್ ಮ್ಯಾಲೂ ಕರೇ ಟಾಕೀನ ಇದ್ವು."

"ನಂದರ ಬಾಜೂಕ ಇಟ್ಟಂಗಿ ಚಿಮಣಿ ಇತ್ತು."

"ಅದು ಲಾಂಡ್ರಿದು. ಲಾಂಡ್ರಿ ನಮ್ಮ ಹಿಂದಿನ ಓಣ್ಯಾಗಿತ್ತು. ತಡೀರಿ, ಮ್ಯಾಪ್ ತೆಗೀತೀನಿ."

ಅವಳು ಮ್ಯಾಪ್ ತೆಗೆದಳು. ಕಾಕಾ ಕನ್ನಡಕ ಹಾಕಿಕೊಂಡು ಫೋನಿಗೆ ಮೂಗು ತಾಗಿಸಿ ಕುಳಿತರು. ಹೋಳಿಗೆ ಆರುತ್ತಿದೆ ಅಂತ ಅವ್ವ ಒಳಗಿನಿಂದ ಎರಡು ಸಲ ಕೂಗಿದಳು. "ಈ ಮ್ಯಾಪ್ ಹೊಸಾದು," ಅಂದರು ಕಾಕಾ. "1995ರದ್ದು ತೋರಿಸು, ಆಮ್ಯಾಲೆ ಮಾತಾಡೂಣ."